ಹುಬ್ಬಳ್ಳಿಯಲ್ಲಿ ಕಾರ್ ಕ್ಲಬ್ಬಿನ ಡೈನೊ ದಿನ: ಶೆಡ್ ಹುಡುಕೋದರಿಂದ ಶೀಟ್ ಕೈಗೆ ಬರೋವರೆಗೆ

ಚಾಸಿ ಡೈನೊ ಅಂದರೆ ಗಾಡಿಯ ಚಕ್ರವನ್ನ ರೋಲರ್ ಮೇಲೆ ಓಡಿಸಿ ಶಕ್ತಿ ಎಷ್ಟಿದೆ ಅಂತ ಅಳೆದು ಶೀಟ್ ಪ್ರಿಂಟ್ ಮಾಡಿ ಕೊಡೋ ಯಂತ್ರ. ಮೊದಲ ಸಲ ನಾವು ಡೈನೊ ದಿನ ಮಾಡಿದಾಗ 20 ಗಾಡಿಗಳ ಹೆಸರು ಬರೆದುಕೊಂಡಿದ್ದೆವು. ಕತ್ತಲಾಗುವ ಹೊತ್ತಿಗೆ ರೋಲರ್ ಹತ್ತಿದ್ದು 11. ಉಳಿದ ಒಂಬತ್ತು ಜನ ಬೆಳಗ್ಗೆಯಿಂದ ಬಿಸಿಲಲ್ಲಿ ಕೂತು, ನಾಲ್ಕು ಸಲ ಚಹಾ ಕುಡಿದು, ಕೊನೆಗೆ ದುಡ್ಡು ವಾಪಸ್ ಕೇಳಿದರು. ಕೇಳಿದ್ದು ಸರೀನೇ. ಯಂತ್ರದ್ದೇನೂ ತಪ್ಪಿರಲಿಲ್ಲ, ಒಂದು ಗಾಡಿಗೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕದೆ ನಾನೇ ಕೆಡಿಸಿದ್ದೆ. ಆಮೇಲೆ ಮಾಡಿದ ದಿನಗಳಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಹುಬ್ಬಳ್ಳಿ-ಧಾರವಾಡದ ಹವಾ, ಜಾಗ, ಜನ ನೋಡಿಕೊಂಡು ಬರೆದದ್ದು, ಗದಗ-ಹಾವೇರಿ ಕಡೆಯವರಿಗೂ ನಡೆಯುತ್ತದೆ.

ಬರೋ ನಂಬರ್ ಯಾವುದು ಅಂತ ಎಲ್ಲರಿಗೂ ಮೊದಲೇ ಹೇಳಿ

ಕಂಪನಿ ಬ್ರೋಶರ್‌ನಲ್ಲಿ ಕೊಡೋದು ಎಂಜಿನ್ನಿನ ಕ್ರ್ಯಾಂಕ್ (ಎಂಜಿನ್ನಿನಿಂದ ಶಕ್ತಿ ಹೊರಗೆ ಬರೋ ಶಾಫ್ಟ್) ಹತ್ತಿರದ ಶಕ್ತಿ. ಚಾಸಿ ಡೈನೊ ಅಳೆಯೋದು ಗೇರ್‌ಬಾಕ್ಸು, ಶಾಫ್ಟು, ಟೈರು ಎಲ್ಲ ತಮ್ಮ ಪಾಲು ತಿಂದ ಮೇಲೆ ಚಕ್ರದಲ್ಲಿ ಉಳಿಯೋದನ್ನ. ಈ ನಷ್ಟ ಸಾಮಾನ್ಯವಾಗಿ ಶೇಕಡಾ 10ರಿಂದ 20. ಹಳೆಯ ಕೆ ಸೀರೀಸ್ ಎಂಜಿನ್ನಿನ 83 ಬಿಎಚ್‌ಪಿ ಸ್ವಿಫ್ಟ್ ತಗೊಳ್ಳಿ, 15 ಪರ್ಸೆಂಟ್ ಹೋಯಿತು ಅಂದರೆ ಚಕ್ರದಲ್ಲಿ ಸುಮಾರು 70. ಇದನ್ನು ಮೊದಲೇ ಹೇಳದಿದ್ದರೆ ಆ ದಿನ ಪ್ರತಿ ಹತ್ತು ನಿಮಿಷಕ್ಕೊಬ್ಬರು ಬಂದು "ಅಣ್ಣಾ, ನನ್ನ ಗಾಡಿ ಇಷ್ಟ್ಯಾಕ ಕಡಿಮಿ ತೋರ್ಸಾಕತ್ತೈತಿ, ಮಷೀನ್ ಬರೋಬ್ಬರಿ ಐತಿಲ್ಲೋ?" ಅಂತ ಕೇಳುತ್ತಾರೆ. ಕ್ಲಬ್ಬಿನ ಗ್ರೂಪಿಗೆ ಒಂದು ವಾರ ಮುಂಚೆ ಎರಡು ಸಾಲು ಬರೆದು ಹಾಕಿ, ಸಾಕು.

ಡೈನೊ ಶಕ್ತಿಯನ್ನ ನೇರವಾಗಿ ಅಳೆಯೋದಿಲ್ಲ, ಟಾರ್ಕ್ (ತಿರುಗಿಸೋ ಬಲ) ಮತ್ತು ವೇಗದಿಂದ ಲೆಕ್ಕ ಹಾಕುತ್ತದೆ. ನ್ಯೂಟನ್ ಮೀಟರಿನ ಟಾರ್ಕನ್ನ ಆರ್‌ಪಿಎಂಗೆ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದಕ್ಕೆ) ಗುಣಿಸಿ 7121ರಿಂದ ಭಾಗಿಸಿದರೆ ಬಿಎಚ್‌ಪಿ. 150 ನ್ಯೂಟನ್ ಮೀಟರ್ 5000 ಆರ್‌ಪಿಎಂನಲ್ಲಿ ಬಂದರೆ 105. ಶೀಟ್ ನೋಡಿ ಯಾರಿಗಾದರೂ ಅನುಮಾನ ಬಂದರೆ ಮೊಬೈಲ್ ತೆಗೆದು ಅಲ್ಲೇ ಲೆಕ್ಕ ಹಾಕಿ ತೋರಿಸಬಹುದು. ಇನ್ನೊಂದು, ಬಿಎಚ್‌ಪಿ ಮತ್ತು ಪಿಎಸ್ (ಮೆಟ್ರಿಕ್ ಹಾರ್ಸ್‌ಪವರ್) ಒಂದೇ ಅಲ್ಲ. 1 ಕಿಲೋವ್ಯಾಟ್ ಅಂದರೆ 1.34 ಬಿಎಚ್‌ಪಿ, ಆದರೆ 1.36 ಪಿಎಸ್. ಎಲ್ಲರ ಶೀಟೂ ಒಂದೇ ಯೂನಿಟ್‌ನಲ್ಲಿ ಪ್ರಿಂಟ್ ಆಗಲಿ.

ಯಾವ ಡೈನೊ, ಯಾವ ಜಾಗ

ಎರಡು ದಾರಿ. ಗಾಡಿಗಳನ್ನೆಲ್ಲ ಸಾಲಾಗಿ ಬೆಂಗಳೂರು, ಪುಣೆ ಕಡೆ ಡೈನೊ ಇರೋ ಗ್ಯಾರೇಜಿಗೆ ಒಯ್ಯೋದು, ಅಥವಾ ಟ್ರೇಲರ್ ಮೇಲಿನ ಡೈನೊವನ್ನ ಊರಿಗೆ ಕರೆಸೋದು. ಆರು ಗಾಡಿಗಿಂತ ಕಡಿಮೆ ಇದ್ದರೆ ನೀವೇ ಹೋಗಿ. ಹತ್ತು ದಾಟಿದರೆ ಕರೆಸೋದು ಸರಿ, ಯಾಕೆಂದರೆ 400 ಕಿಲೋಮೀಟರ್ ಓಡಿಸಿಕೊಂಡು ಹೋಗಿ ಸುಸ್ತಾದವರು ಸರದಿಗೆ ಕಾಯೋಕೆ ತಯಾರಿರೋದಿಲ್ಲ.

ಬುಕ್ ಮಾಡುವಾಗ ಯಾವ ಜಾತಿಯ ಡೈನೊ ಅಂತ ಕೇಳಿ. ಇನರ್ಶಿಯಾ ಡೈನೊದಲ್ಲಿ ಭಾರದ ರೋಲರ್ ಇರುತ್ತದೆ, ಗಾಡಿ ಅದನ್ನ ಎಷ್ಟು ಬೇಗ ವೇಗಕ್ಕೆ ತರುತ್ತದೆ ಅನ್ನೋದರ ಮೇಲೆ ಲೆಕ್ಕ. ಎಡ್ಡಿ ಕರೆಂಟ್ ಡೈನೊ ರೋಲರ್‌ಗೆ ಬ್ರೇಕ್ ಹಾಕಿ ಲೋಡ್ ಕೊಡುತ್ತದೆ, ಒಂದೇ ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿ ಟ್ಯೂನ್ ಮಾಡಬಹುದು. ಹಬ್ ಡೈನೊದಲ್ಲಿ ಚಕ್ರಾನೇ ಬಿಚ್ಚಿ ಹಬ್ಬಿಗೆ ಜೋಡಿಸುತ್ತಾರೆ, ಟೈರಿನ ತಂಟೆ ಇಲ್ಲ, ಆದರೆ ಪ್ರತಿ ಗಾಡಿಗೂ ಹೊತ್ತು ಜಾಸ್ತಿ. ಕ್ಲಬ್ ದಿನಕ್ಕೆ ಮೊದಲ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಆದರೆ ಈ ಡೈನೊದಲ್ಲಿ ಬಂದ ನಂಬರನ್ನ ಬೇರೆ ಊರಿನ ಬೇರೆ ಡೈನೊದ ನಂಬರ್ ಜೊತೆ ಹೋಲಿಸಲೇಬೇಡಿ.

ಜಾಗ ಇಂಡಸ್ಟ್ರಿಯಲ್ ಏರಿಯಾದಲ್ಲೇ ನೋಡಿ. ಗೋಕುಲ ರೋಡಿನ ಎಸ್ಟೇಟ್, ತಾರಿಹಾಳ, ಧಾರವಾಡದ ಕಡೆಯವರಿಗೆ ಬೇಲೂರು ಇಂಡಸ್ಟ್ರಿಯಲ್ ಏರಿಯಾ. ಕಾರಣ ಸದ್ದು. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಹಗಲು ಹೊತ್ತಿಗೆ ಕೈಗಾರಿಕಾ ಪ್ರದೇಶಕ್ಕೆ 75 ಡೆಸಿಬೆಲ್ ಮಿತಿ, ವ್ಯಾಪಾರದ ಜಾಗಕ್ಕೆ 65, ಮನೆಗಳಿರೋ ಕಡೆ 55. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಒಳಗೆ ಬರೀ 50. ವಿದ್ಯಾನಗರದಲ್ಲಿ ಒಬ್ಬ ದೋಸ್ತನ ದೊಡ್ಡ ಕಂಪೌಂಡ್ ಖಾಲಿ ಇದೆ ಅಂತ ಅಲ್ಲಿ ಮಾಡೋಕೆ ಹೋಗಬೇಡಿ, ಸುತ್ತಮುತ್ತ ಬರೀ ಆಸ್ಪತ್ರೆ ಮತ್ತು ಕಾಲೇಜು.

ನೆಲ ಕಾಂಕ್ರೀಟ್ ಇರಬೇಕು. ನಮ್ಮ ಎರೆಮಣ್ಣಿನ ಮೇಲೆ ಟ್ರೇಲರ್ ನಿಲ್ಲಿಸಿದರೆ ಒಂದು ಕಡೆ ಕುಸಿಯುತ್ತದೆ, ಮಳೆ ಬಿದ್ದಿದ್ದರಂತೂ ಕೇಳಲೇಬೇಡಿ. ಗೌಂಡಿಯವರ ಹತ್ತಿರ ಇರೋ ನೀರಿನ ಲೆವೆಲ್ ಪೈಪ್ ಹಿಡಿದು ಇಳಿಜಾರು ನೋಡಿಕೊಳ್ಳಿ. ಶೆಡ್ಡಿಗೆ ಎರಡು ಕಡೆ ಶಟರ್ ಇದ್ದರೆ ತುಂಬಾ ಒಳ್ಳೇದು. ಕರೆಂಟ್ ಬಗ್ಗೆ ಎರಡು ಪ್ರಶ್ನೆ ಕೇಳಿ: ಡೈನೊಗೆ ಮತ್ತು ಎಂಜಿನ್ ತಣಿಸೋ ಫ್ಯಾನಿಗೆ ಥ್ರೀ ಫೇಸ್ ಬೇಕಾ, ಆ ಭಾನುವಾರ ಲೈನ್ ಕೆಲಸಕ್ಕೆ ಕರೆಂಟ್ ತೆಗೀತಾರಾ. ಎರಡನೆಯದನ್ನ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಬಹುದು. ಏನೇ ಇರಲಿ, ಒಂದು ಜನರೇಟರ್ ಬಾಡಿಗೆಗೆ ಹೇಳಿಡಿ.

ತಾರೀಖು

ಡಿಸೆಂಬರ್‌ನಿಂದ ಫೆಬ್ರವರಿ. ಬೆಳಗ್ಗೆ ತಂಪು, ಮಳೆ ಇಲ್ಲ. ಏಪ್ರಿಲ್-ಮೇನಲ್ಲಿ ತಗಡಿನ ಶೆಡ್ಡಿನೊಳಗೆ ನಿಲ್ಲೋಕೇ ಆಗೋದಿಲ್ಲ, ಎಂಜಿನ್ನಿಗೂ ಬಿಸಿ ಗಾಳಿ ಹೋಗಿ ಶಕ್ತಿ ಇಳಿಯುತ್ತದೆ. ಮಳೆಗಾಲದಲ್ಲಿ ಒದ್ದೆ ಟೈರ್ ರೋಲರ್ ಮೇಲೆ ಜಾರುತ್ತದೆ. ಶಿವರಾತ್ರಿ ಹೊತ್ತಿನ ಸಿದ್ಧಾರೂಢರ ಜಾತ್ರೆ ದಿನ ಬಿಡಿ. ಮದುವೆ ಸೀಸನ್ ಕೂಡ ನೋಡಿ, ಆಗ ಗಾಡಿ ಮನೆಯವರಿಗೇ ಬೇಕಾಗಿರುತ್ತದೆ.

ಗಂಟೆ ಲೆಕ್ಕ, ದುಡ್ಡಿನ ಲೆಕ್ಕ

ಇಡೀ ದಿನ ನಿಂತಿರೋದು ಇದರ ಮೇಲೆ. ಒಂದು ರನ್ (ರೋಲರ್ ಮೇಲೆ ಒಂದು ಸಲ ಪೂರ್ತಿ ಆಕ್ಸಿಲರೇಟರ್ ಒತ್ತಿ ಅಳೆಯೋದು) ನೋಡೋಕೆ 10-15 ಸೆಕೆಂಡ್, ಅದನ್ನ ನೋಡಿದವರು "ಒಂದು ಗಾಡಿಗೆ ಐದೇ ನಿಮಿಷ" ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಗಡಿಯಾರ ಹಿಡಿದು ನೋಡಿದಾಗ ಗೊತ್ತಾಗಿದ್ದು ಇಷ್ಟು: ಗಾಡಿ ಹತ್ತಿಸಿ ನೇರ ಮಾಡೋಕೆ 5 ನಿಮಿಷ, ಬೆಲ್ಟ್ ಕಟ್ಟೋಕೆ 6, ಆರ್‌ಪಿಎಂ ಸಿಗ್ನಲ್ ಹಿಡಿದು ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರಿದರೆ ಶಕ್ತಿ ಕಡಿಯೋ ವ್ಯವಸ್ಥೆ) ತೆಗೆಯೋಕೆ 4, ಬಿಸಿ ಮಾಡೋಕೆ 3, ನಡುವೆ ತಣಿಯೋಕೆ ಬಿಟ್ಟು ಮೂರು ರನ್ ಮಾಡೋಕೆ 8, ಬಿಚ್ಚಿ ಇಳಿಸೋಕೆ 4. ಒಟ್ಟು ಅರ್ಧ ಗಂಟೆ. ಬೆಳಗ್ಗೆ 8ರಿಂದ ಸಂಜೆ 5, ಊಟಕ್ಕೆ ಒಂದು ಗಂಟೆ ಬಿಟ್ಟರೆ 16 ಗಾಡಿ ಅಂತ ಕಾಗದ ಹೇಳುತ್ತದೆ. ನೀವು 12ಕ್ಕೆ ನಿಲ್ಲಿಸಿ, ಇಬ್ಬರನ್ನ ವೇಟಿಂಗ್ ಲಿಸ್ಟಿನಲ್ಲಿಡಿ. ಉಳಿದ ಹೊತ್ತನ್ನ ಯಾವುದೋ ಒಂದು ಗಾಡಿ ತಿಂದೇ ತಿನ್ನುತ್ತದೆ.

ಎಲ್ಲರನ್ನೂ ಬೆಳಗ್ಗೆನೇ ಬರೋಕೆ ಹೇಳಬೇಡಿ. ಪ್ರತಿಯೊಬ್ಬರಿಗೂ ಒಂದೊಂದು ಟೈಮ್ ಕೊಡಿ, ಅದಕ್ಕೆ 45 ನಿಮಿಷ ಮುಂಚೆ ಬರಲಿ. ತಗ್ಗಾಗಿರೋ ಗಾಡಿಗಳನ್ನ ಒಟ್ಟಿಗೆ ಇಡಿ, ರ‍್ಯಾಂಪಿಗೆ ಹಲಗೆ ಒಂದೇ ಸಲ ಹಾಕಿದರಾಯಿತು. ಹಿಂದಿನ ಚಕ್ರಕ್ಕೆ ಶಕ್ತಿ ಹೋಗೋ ಗಾಡಿಗಳನ್ನ ಇನ್ನೊಂದು ಗುಂಪು ಮಾಡಿ.

ದುಡ್ಡು: ಡೈನೊದವರು ದಿನದ ಬಾಡಿಗೆ ಹೇಳಬಹುದು, ಗಾಡಿಗಿಷ್ಟು ಅಂತಲೂ ಹೇಳಬಹುದು. ದಿನಕ್ಕೆ 40 ಸಾವಿರ ಅಂತ ಇಟ್ಟುಕೊಳ್ಳೋಣ, ಶೆಡ್ಡು, ಜನರೇಟರ್, ಊಟ ಸೇರಿ ಇನ್ನೊಂದು 8 ಸಾವಿರ. 48 ಸಾವಿರವನ್ನ 12ರಿಂದ ಭಾಗಿಸಿದರೆ ತಲೆಗೆ 4 ಸಾವಿರ. ಅರ್ಧ ಮುಂಗಡ ತಗೊಳ್ಳಿ, ಬರದಿದ್ದರೆ ವಾಪಸ್ ಇಲ್ಲ ಅಂತ ಮೊದಲೇ ಹೇಳಿ. ದೋಸ್ತಿಯಲ್ಲಿ ಮುಂಗಡ ಕೇಳೋಕೆ ನಾಚಿಕೆಯಾಗುತ್ತದೆ ನಿಜ, ಆದರೆ ಮುಂಗಡ ಕೊಡದವನೇ ಶನಿವಾರ ರಾತ್ರಿ "ನಾಳೆ ಆಗೂದಿಲ್ಲ ದೋಸ್ತ, ಊರಿಗೆ ಹೊಂಟೇನಿ" ಅನ್ನೋದು.

ಸಹಿ ಹಾಕಿಸಬೇಕಾದ ಕಾಗದ

ನಿಮ್ಮ ಮೋಟಾರ್ ಇನ್ಶೂರೆನ್ಸ್ ಸರ್ಟಿಫಿಕೇಟ್ ತೆಗೆದು ಬಳಕೆಯ ಮಿತಿ ಅನ್ನೋ ಭಾಗ ಓದಿ. ರೇಸಿಂಗ್, ಪೇಸ್ ಮೇಕಿಂಗ್, ರಿಲಯಬಿಲಿಟಿ ಟ್ರಯಲ್, ಸ್ಪೀಡ್ ಟೆಸ್ಟಿಂಗ್ ಇವಕ್ಕೆ ಕವರ್ ಇಲ್ಲ ಅಂತ ಬರೆದಿರುತ್ತದೆ. ಅಂದರೆ ರೋಲರ್ ಮೇಲೆ ಏನಾದರೂ ಆದರೆ ವಿಮೆ ಬರೋದಿಲ್ಲ ಅಂದುಕೊಂಡೇ ನಡೆಯಬೇಕು. ಈ ಮಾತನ್ನ ದಪ್ಪ ಅಕ್ಷರದಲ್ಲಿ ಒಂದು ಪುಟದ ಒಪ್ಪಿಗೆ ಪತ್ರದ ಮೇಲೆ ಹಾಕಿ, "ಎಂಜಿನ್, ಗೇರ್‌ಬಾಕ್ಸ್, ಟೈರಿಗೆ ಆಗೋ ಹಾನಿ ನನ್ನದೇ" ಅಂತ ಕೆಳಗೆ ಸಹಿ ತಗೊಳ್ಳಿ.

ಸಹಿ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರದ್ದು. ಇದು ಸಣ್ಣ ವಿಷಯ ಅಲ್ಲ. ನಮ್ಮಲ್ಲಿ ಅರ್ಧ ಗಾಡಿಗಳು ಅಪ್ಪನ ಹೆಸರಲ್ಲಿ. ಒಬ್ಬ ಹುಡುಗ ಕಾಗದ ಮನೆಗೆ ಒಯ್ದ ಮೇಲೆ ಅವರಪ್ಪ ನನಗೇ ಫೋನ್ ಮಾಡಿದರು: "ಏನ್ರೀ ತಮ್ಮಾ, ಗಾಡಿ ಮುಂದ ಹೋಗೂದಿಲ್ಲಂತ, ನಿಂತಲ್ಲೇ ನೂರಾ ನಲವತ್ತು ಓಡ್ತದಂತ, ಅದಕ್ಕ ನಾಕ್ ಸಾವಿರ ರೊಕ್ಕಾ?" ನಾನು ಹದಿನೈದು ನಿಮಿಷ ವಿವರಿಸಿದೆ. ಕೊನೆಗೆ ಕಾಕಾ ತಾವೂ ಬಂದರು, ಇಡೀ ದಿನ ಕುರ್ಚಿ ಹಾಕಿಕೊಂಡು ಕೂತು ನೋಡಿದರು.

ಹತ್ತಿರದ ಪೊಲೀಸ್ ಠಾಣೆಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ತಗೊಳ್ಳಿ, ಪಕ್ಕದ ಶೆಡ್ಡಿನವರಿಗೆ ಬಾಯಲ್ಲಿ ಹೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ರಚನೆ ಬದಲಿಸೋದರ ಬಗ್ಗೆ. ದೊಡ್ಡ ಸೈಲೆನ್ಸರ್ ಹಾಕಿದವರು ಶೆಡ್ಡಿನ ತನಕ ಬರೋದೂ ಸಾರ್ವಜನಿಕ ರಸ್ತೆಯಲ್ಲೇ ಅಲ್ವಾ, ಅದನ್ನ ಅವರೇ ಯೋಚಿಸಲಿ.

ಹಿಂದಿನ ದಿನದ ತಪಾಸಣೆ

ಶನಿವಾರ ಸಂಜೆ ಎಲ್ಲ ಗಾಡಿ ನೋಡಿಬಿಡಿ. ದೂರದವರದ್ದು ಬೆಳಗ್ಗೆ ಗೇಟಿನಲ್ಲಿ.

ಮೊದಲು ಟೈರು. ಟ್ರೆಡ್ಡಿನ ಸಂದಿಯಲ್ಲಿ ಸಿಕ್ಕ ಜಲ್ಲಿ ಕಲ್ಲನ್ನ ಸ್ಕ್ರೂಡ್ರೈವರ್ ಹಿಡಿದು ಒಂದೊಂದಾಗಿ ಕೀಳಬೇಕು. ರಸ್ತೆ ಕೆಲಸ ನಿಲ್ಲದ ಊರು ನಮ್ಮದು, ಒಂದೇ ಟೈರಿನಲ್ಲಿ ಏಳೆಂಟು ಕಲ್ಲು ಸಿಕ್ಕಿದ್ದಿದೆ. ಒಂದು ಸಲ ಉಳಿದ ಒಂದು ಕಲ್ಲು ರೋಲರ್ ಮೇಲಿಂದ ಹಾರಿ ಹಿಂದಿನ ಶಟರಿಗೆ ಬಡಿಯಿತು. ಪಟಾಕಿ ಹೊಡೆದ ಹಾಗೆ ಸದ್ದು, ತಗಡಿನಲ್ಲಿ ಬೆರಳು ಇಡುವಷ್ಟು ತಗ್ಗು. ಆ ಶಟರಿನ ಮುಂದೆ ಐದು ನಿಮಿಷದ ಹಿಂದೆ ಇಬ್ಬರು ನಿಂತು ಸೆಲ್ಫಿ ತೆಗೆಯುತ್ತಿದ್ದರು. ಅವತ್ತಿನಿಂದ ಕಲ್ಲು ಕೀಳೋ ಕೆಲಸ ನಾನು ಯಾರಿಗೂ ಒಪ್ಪಿಸೋದಿಲ್ಲ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಬಿರುಕು ಹುಡುಕಿ, ಬಿರುಕಿದ್ದರೆ ರೋಲರ್ ಹತ್ತಿಸಬೇಡಿ. ರಿಸೋಲ್ ಟೈರ್ ಬೇಡವೇ ಬೇಡ. ವೇಗದ ಅಕ್ಷರ ನೋಡಿ: ಎಸ್ ಅಂದರೆ 180, ಟಿ ಅಂದರೆ 190, ಎಚ್ ಅಂದರೆ 210. ಗಾಳಿ ಕಂಪನಿ ಹೇಳಿದಷ್ಟೇ ಹಾಕಿ, ಎಷ್ಟು ಅಂತ ಶೀಟಿನ ಮೇಲೆ ಬರೆಯಿರಿ. ವೀಲ್ ನಟ್ ಟಾರ್ಕ್ ರೆಂಚ್ ಹಿಡಿದು ನೋಡಿ.

ಆಮೇಲೆ ಆಯಿಲ್, ಕೂಲಂಟ್, ಎಂಜಿನ್ ಮೌಂಟ್, ಲೀಕ್. ಟೈಮಿಂಗ್ ಬೆಲ್ಟ್ ಇರೋ ಹಳೆ ಗಾಡಿಯಾದರೆ ಯಾವಾಗ ಬದಲಿಸಿದ್ದು ಅಂತ ಕೇಳಿ, "ಗೊತ್ತಿಲ್ಲ ಸರ್" ಅಂದರೆ ಆ ಗಾಡಿ ನೋಡೋಕೆ ಮಾತ್ರ. ಚೆಕ್ ಎಂಜಿನ್ ಲೈಟ್ ಹತ್ತಿದ್ದರೂ ಅಷ್ಟೇ. ಪೆಟ್ರೋಲ್ ಅರ್ಧ ಟ್ಯಾಂಕ್ ಇರಲಿ, ರೋಜು ಹಾಕೋದನ್ನೇ ಹಾಕಲಿ. ಅವತ್ತೊಂದಿನ 100 ಆಕ್ಟೇನ್ ಹಾಕಿದರೆ ಮಾಮೂಲಿ ಪೆಟ್ರೋಲಿಗೆ ಟ್ಯೂನ್ ಆದ ಗಾಡಿಗೆ ಹೆಚ್ಚೇನೂ ಸಿಗೋದಿಲ್ಲ, ಸುಮ್ನೆ ಖರ್ಚು.

ಯಾವ ಗಾಡಿ ಹತ್ತಿಸಬಾರದು? ಎರಡು ಚಕ್ರದ ಡೈನೊ ಆದರೆ ಯಾವಾಗಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಎಡಬ್ಲ್ಯುಡಿ ಗಾಡಿ ಬೇಡ. ಥಾರ್ ತರಹ ಟೂ-ಹೈಗೆ (ಎರಡೇ ಚಕ್ರಕ್ಕೆ ಶಕ್ತಿ ಹೋಗೋ ಮೋಡಿಗೆ) ಹಾಕೋಕೆ ಬರೋದಾದರೆ ನಡೆಯುತ್ತದೆ. ಸಿವಿಟಿ (ಗೇರಿನ ಹಂತಗಳಿಲ್ಲದ ಆಟೊಮ್ಯಾಟಿಕ್) ಒಂದೇ ಗೇರ್ ಹಿಡಿದು ನಿಲ್ಲೋದಿಲ್ಲ, ಗ್ರಾಫ್ ಸೊಟ್ಟ ಬರುತ್ತದೆ, ಮಾಲೀಕರಿಗೆ ಹೇಳಿಯೇ ದುಡ್ಡು ತಗೊಳ್ಳಿ. ಡಿಎಸ್‌ಜಿ, ಟಾರ್ಕ್ ಕನ್ವರ್ಟರ್ ತರಹದ ಆಟೊಮ್ಯಾಟಿಕ್ ಆದರೆ ಮ್ಯಾನ್ಯುವಲ್ ಮೋಡ್, ಕಾಲ ಕೆಳಗಿನ ಕಿಕ್‌ಡೌನ್ ಸ್ವಿಚ್ ಒತ್ತಿದರೆ ಗೇರ್ ಇಳಿದು ರನ್ ಹಾಳು. ಎಲೆಕ್ಟ್ರಿಕ್ ಗಾಡಿ ತಂದರೆ ಚಾರ್ಜ್ 80 ಪರ್ಸೆಂಟ್ ಮೇಲಿರಲಿ.

ಶೆಡ್ಡಿನ ಒಳಗೆ

ಟ್ರೇಲರ್ ಶನಿವಾರ ರಾತ್ರಿನೇ ಬಂದು ನಿಲ್ಲಲಿ. ಬೆಲ್ಟುಗಳನ್ನ ಆಪರೇಟರೇ ಕಟ್ಟಲಿ, ನಿಮ್ಮವರು ಹಿಡಿದುಕೊಡಲಿ ಅಷ್ಟೇ. ಮುಂದಿನ ಚಕ್ರಕ್ಕೆ ಶಕ್ತಿ ಹೋಗೋ ಗಾಡಿಯಲ್ಲಿ ಸ್ಟೀರಿಂಗ್ ಅಲುಗಿದರೆ ಗಾಡಿ ಪಕ್ಕಕ್ಕೆ ಸರಿಯುತ್ತದೆ, ಬೆಲ್ಟ್ ಎರಡೂ ಬದಿ ಸಮ ಇರಬೇಕು, ಹಿಂದಿನ ಚಕ್ರಕ್ಕೆ ಕಟ್ಟಿಗೆಯ ಒಡ್ಡು ಹಾಕಬೇಕು.

ಹೊಗೆಯ ವಿಷಯದಲ್ಲಿ ಸಡಿಲ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ನೋವು, ವಾಕರಿಕೆ ಶುರುವಾದರೆ "ಬಿಸಿಲಿಗೆ ಹಿಂಗಾಗೈತಿ" ಅಂತ ಬಿಡುತ್ತಾರೆ. ಎರಡೂ ಶಟರ್ ತೆಗೆದಿರಲಿ, ಸೈಲೆನ್ಸರ್ ಹಿಂದೆ ಹೊಗೆ ಎಳೆಯೋ ಪೈಪ್ ಇಲ್ಲವೇ ಹೊರಗೆ ತಳ್ಳೋ ಇನ್ನೊಂದು ಫ್ಯಾನ್ ಇರಲಿ. ಯಾರಿಗಾದರೂ ತಲೆ ಹಿಡಿದರೆ ಎಂಜಿನ್ ಬಂದ್ ಮಾಡಿ ಎಲ್ಲರೂ ಹೊರಗೆ.

ಚಕ್ರದ ಸಾಲಿನಲ್ಲಿ, ಗಾಡಿಯ ಮುಂದೆ ಮತ್ತು ಹಿಂದೆ, ಯಾರೂ ನಿಲ್ಲಬಾರದು. ಕಲ್ಲು, ಟೈರಿನ ತುಂಡು, ಹರಿದ ಬೆಲ್ಟು ಎಲ್ಲ ಆ ಸಾಲಿನಲ್ಲೇ ಬರೋದು. ಪಕ್ಕದಲ್ಲಿ ಮೂರು ಮೀಟರ್ ಬಿಟ್ಟು ಹಗ್ಗ ಕಟ್ಟಿ. ಎರಡು ಬೆಂಕಿ ನಂದಿಸೋ ಸಿಲಿಂಡರ್ ಕೈಗೆ ಸಿಗೋ ಜಾಗದಲ್ಲಿ, ಪಿನ್ ಎಳೆಯೋಕೆ ಬರೋ ಒಬ್ಬರು ಅದರ ಪಕ್ಕದಲ್ಲಿ.

ರನ್

ಸಾಮಾನ್ಯವಾಗಿ ಅನುಪಾತ 1:1ಕ್ಕೆ ಹತ್ತಿರದ ಗೇರ್, ಐದು ಗೇರಿನ ಗಾಡಿಯಲ್ಲಿ ಹೆಚ್ಚಾಗಿ ನಾಲ್ಕನೆಯದು. ಓಡಿಸೋದು ಡೈನೊದವರು, ಮಾಲೀಕರಲ್ಲ. ಇದಕ್ಕೊಂದು ಸಣ್ಣ ಜಗಳ ಆಗೇ ಆಗುತ್ತದೆ, ಬಗ್ಗಬೇಡಿ.

ಟ್ರ್ಯಾಕ್ಷನ್ ಕಂಟ್ರೋಲ್ ಪೂರ್ತಿ ಹೋಗಿದೆಯಾ ನೋಡಿ. ಮುಂದಿನ ಚಕ್ರ 120ರಲ್ಲಿ ತಿರುಗುತ್ತಾ ಹಿಂದಿನದು ನಿಂತಿದ್ದರೆ ಗಾಡಿಯ ಕಂಪ್ಯೂಟರ್ ಜಾರುತ್ತಿದೆ ಅಂದುಕೊಂಡು ಶಕ್ತಿ ಕಡಿಯುತ್ತದೆ. ನಮ್ಮಲ್ಲಿ ಒಂದು ಟರ್ಬೊ ಸೆಡಾನ್ ಪ್ರತಿ ಸಲ 3500 ಆರ್‌ಪಿಎಂಗೆ ಬಂದು ಉಸಿರು ಕಟ್ಟಿದ ಹಾಗೆ ನಿಲ್ಲುತ್ತಿತ್ತು. ಮಾಲೀಕರ ಮುಖ ಸಪ್ಪಗಾಯಿತು, ಟರ್ಬೊ ಹೋಯಿತು ಅಂತ ಯಾರೋ ತೀರ್ಪೂ ಕೊಟ್ಟರು. ಬಟನ್ ಒಂದು ಸಲ ಒತ್ತಿದ್ದರು, ಐದು ಸೆಕೆಂಡ್ ಒತ್ತಿ ಹಿಡಿದ ಮೇಲೆ ಎಲ್ಲ ಸರಿಯಾಯಿತು.

ಸುಮಾರು 2000 ಆರ್‌ಪಿಎಂನಲ್ಲಿ ಸ್ಥಿರ ಹಿಡಿದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ರೆಡ್‌ಲೈನ್ ಹತ್ತಿರ ಬಂದಾಗ ಬಿಡೋದು, ಕ್ಲಚ್ ಒತ್ತಿ ರೋಲರ್ ತಾನೇ ನಿಧಾನ ಆಗೋಕೆ ಬಿಡೋದು. ಕೆಲವು ಡೈನೊ ಈ ಇಳಿಯೋ ಹೊತ್ತಲ್ಲೇ ನಷ್ಟ ಅಳೆಯುತ್ತವೆ, ಬ್ರೇಕ್ ಹೊಡೆದರೆ ಆ ಲೆಕ್ಕ ಹೋಯಿತು. ಮೂರು ರನ್ ಮಾಡಿ. ಒಂದಕ್ಕೊಂದು ಶೇಕಡಾ ಎರಡರೊಳಗೆ ಇದ್ದರೆ ನಂಬಬಹುದು. ಮೂರೂ ಇಳಿಯುತ್ತಾ ಹೋದರೆ ಎಂಜಿನ್ ಬಿಸಿ ಏರಿದೆ, ಫ್ಯಾನ್ ಮುಂದೆ ಇನ್ನೆರಡು ನಿಮಿಷ ಬಿಡಿ. ಸೈಲೆನ್ಸರಿನಲ್ಲಿ ಸೆನ್ಸರ್ ಇಟ್ಟಿದ್ದರೆ ಏರ್-ಫ್ಯೂಯಲ್ (ಗಾಳಿ-ಪೆಟ್ರೋಲ್ ಅನುಪಾತದ) ಅಂಕಿ ಬದಲು ಲ್ಯಾಂಬ್ಡಾ ನೋಡಿ, ಮಿಶ್ರಣ ಸರಿಯಾಗಿ ಹೊಂದಿದರೆ ಅದು 1, ಗಾಳಿ ಜಾಸ್ತಿಯಾದರೆ 1ಕ್ಕಿಂತ ಮೇಲೆ. ಇ20 (ಶೇಕಡಾ 20 ಎಥನಾಲ್ ಬೆರೆತ) ಪೆಟ್ರೋಲಿಗೆ 14.7 ಅನ್ನೋ ಹಳೆಯ ಅಂಕಿ ಹೊಂದೋದಿಲ್ಲ, ಅದು 13.5ರ ಹತ್ತಿರ. ಪೂರ್ತಿ ಒತ್ತಿದಾಗ ಲ್ಯಾಂಬ್ಡಾ 1 ದಾಟಿ ಮೇಲೆ ಹೋದರೆ ಅಥವಾ ನಾಕಿಂಗ್ (ಎಂಜಿನ್ನಿನೊಳಗೆ ಟಕಟಕ ಬಡಿತ) ಕೇಳಿದರೆ ತಕ್ಷಣ ನಿಲ್ಲಿಸಿ.

ಶೀಟು

ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರ, ಧಾರವಾಡ ಇನ್ನೂ ಸ್ವಲ್ಪ ಮೇಲೆ. ಇಲ್ಲಿ ಗಾಳಿಯ ಒತ್ತಡ 1013ರ ಬದಲು ಸುಮಾರು 937 ಮಿಲಿಬಾರ್. ಟರ್ಬೊ ಇಲ್ಲದ ಎಂಜಿನ್ನಿಗೆ ಅಷ್ಟು ಗಾಳಿ ಕಡಿಮೆ, ಶಕ್ತಿಯೂ ಕಡಿಮೆ. ಇದನ್ನ ಸರಿದೂಗಿಸೋಕೆ ಎಸ್‌ಎಇ ಜೆ1349 ಅನ್ನೋ ಲೆಕ್ಕ ಇದೆ, 25 ಡಿಗ್ರಿ ಮತ್ತು 990 ಮಿಲಿಬಾರ್ ಒಣ ಗಾಳಿ ಇದ್ದಿದ್ದರೆ ಎಷ್ಟು ಬರುತ್ತಿತ್ತು ಅಂತ ಹೇಳುತ್ತದೆ. ನಮ್ಮ ಕಡೆ ಅದು ಶೇಕಡಾ 6-7 ಸೇರಿಸುತ್ತದೆ. ಟರ್ಬೊ ಗಾಡಿಯ ಕಥೆ ಬೇರೆ. ಗಾಳಿ ತೆಳುವಾದರೆ ಟರ್ಬೊ ಸ್ವಲ್ಪ ಜಾಸ್ತಿ ತಿರುಗಿ ಕೊರತೆ ತುಂಬಿಕೊಂಡಿರುತ್ತದೆ, ಅದರ ಮೇಲೆ ಮತ್ತೆ 6 ಪರ್ಸೆಂಟ್ ಸೇರಿಸಿದರೆ ಇಲ್ಲದ ಕುದುರೆಗಳು ಹುಟ್ಟಿಕೊಳ್ಳುತ್ತವೆ. ಎಲೆಕ್ಟ್ರಿಕ್ ಮೋಟಾರಿಗಂತೂ ಗಾಳಿಯ ಹಂಗೇ ಇಲ್ಲ. ಹಾಗಾಗಿ ಪ್ರತಿ ಶೀಟಿನಲ್ಲೂ ತಿದ್ದದ ನಂಬರು, ತಿದ್ದಿದ ನಂಬರು ಎರಡೂ ಇರಲಿ, ಉಷ್ಣತೆ-ಒತ್ತಡ-ತೇವಾಂಶ ಕೆಳಗೆ ಇರಲಿ, ಸ್ಮೂಥಿಂಗ್ (ಗ್ರಾಫಿನ ಗೆರೆ ನಯ ಮಾಡೋ ಸೆಟ್ಟಿಂಗ್) ಎಲ್ಲರಿಗೂ ಒಂದೇ ಇರಲಿ.

ಗೋಡೆ ಮೇಲೆ ಒಂದು, ಎರಡು, ಮೂರು ಅಂತ ಪಟ್ಟಿ ಹಾಕೋದು ನನಗೆ ಹಿಡಿಸೋದಿಲ್ಲ. ಒಮ್ಮೆ ಹಾಕಿದ್ದೆವು, ಮಧ್ಯಾಹ್ನದ ಹೊತ್ತಿಗೆ "ಇನ್ನೊಂದು ರನ್, ಇನ್ನೊಂದೇ ರನ್" ಶುರುವಾಗಿ ಸರದಿ ಮುರಿಯಿತು. ಅದರ ಬದಲು ಇಬ್ಬರನ್ನ ಒಪ್ಪಿಸಿ, ಹಳೇ ಏರ್ ಫಿಲ್ಟರ್‌ನಲ್ಲಿ ಮೂರು ರನ್, ಹೊಸದು ಹಾಕಿ ಮೂರು ರನ್ ಮಾಡಿ. ಅದೇ ಗಾಡಿ, ಅದೇ ರೋಲರ್, ಅದೇ ಗಂಟೆ. ಹಳೆಯದು ಪೂರ್ತಿ ಧೂಳು ಹಿಡಿದಿದ್ದರೆ ಮಾತ್ರ ಗೆರೆ ಸ್ವಲ್ಪ ಏಳುತ್ತದೆ, ದುಬಾರಿ ಫಿಲ್ಟರ್ ಕೊಂಡವರು ಆ ಗ್ರಾಫನ್ನ ತುಂಬಾ ಹೊತ್ತು ನೋಡುತ್ತಾರೆ.

ಊಟ, ಆಮೇಲೆ ಸಂಜೆ

ಬೆಳಗ್ಗೆ ಉಪ್ಪಿಟ್ಟು-ಶಿರಾ, ಮಧ್ಯಾಹ್ನ ಖಾನಾವಳಿಯಿಂದ ರೊಟ್ಟಿ ಊಟದ ಡಬ್ಬಿ, ನಾಲ್ಕಕ್ಕೆ ಗಿರ್ಮಿಟ್ ಮತ್ತು ಮಿರ್ಚಿ. ಆಪರೇಟರಿಗೆ ಮೊದಲು ಊಟ ಹಾಕಿ, ಅವರು ಹಸಿದಿದ್ದರೆ ಹನ್ನೆರಡು ಗಾಡಿಯೂ ತಡ. ಕೈ ತೊಳೆಯೋಕೆ ಸೋಪು ಮತ್ತು ಬಕೆಟ್ ಇಡಿ, ಗ್ರೀಸ್ ಕೈಯಲ್ಲಿ ಗಿರ್ಮಿಟ್ ತಿಂದವರನ್ನ ನೋಡಿದ್ದೇನೆ.

ಹೊರಡೋ ಮುಂಚೆ ಪ್ರತಿ ಗಾಡಿಯ ವೀಲ್ ನಟ್ ಮತ್ತೆ ನೋಡಿ, ಟ್ರ್ಯಾಕ್ಷನ್ ಕಂಟ್ರೋಲ್ ವಾಪಸ್ ಹಾಕಿದ್ದಾರಾ ಕೇಳಿ. ನಂಬರ್ ನೋಡಿ ಹುರುಪು ಬಂದವರು ಬೈಪಾಸಿನಲ್ಲಿ ತೋರಿಸೋಕೆ ಹೋಗುತ್ತಾರೆ. ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಸೆಕ್ಷನ್, ಮೊದಲ ಸಲಕ್ಕೇ 5000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇದನ್ನ ಗೇಟಿನಲ್ಲಿ ನಿಂತು ಹೇಳಿ, ಎರಡೆರಡು ಗಾಡಿ ಐದು ನಿಮಿಷ ಬಿಟ್ಟು ಬಿಟ್ಟು ಕಳಿಸಿ.

ಡೈನೊದವರು ಪ್ಯಾಕ್ ಮಾಡೋ ಮುಂಚೆ ಎಲ್ಲ ಗಾಡಿಯ ಕಚ್ಚಾ ಫೈಲುಗಳನ್ನ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ, ಪ್ರಿಂಟು ಕಳೆಯುತ್ತದೆ, ಮುಂದಿನ ವರ್ಷ ಹೋಲಿಸೋಕೆ ಫೈಲೇ ಬೇಕು. ಶೆಡ್ಡು ಗುಡಿಸಿ, ಆಯಿಲ್ ಬಿದ್ದ ಜಾಗಕ್ಕೆ ಕಟ್ಟಿಗೆ ಹೊಟ್ಟು ಹಾಕಿ ಬಳಿದು ತೆಗೆಯಿರಿ. ಶೆಡ್ಡಿನ ಮಾಲೀಕರಿಗೆ ಒಂದು ಕಿಲೋ ಪೇಢಾ ಕೊಡಿ. ನಾವು ಆ ತಗ್ಗು ಬಿದ್ದ ಶಟರ್ ರಿಪೇರಿ ಮಾಡಿಸಿ ಕೊಟ್ಟಿದ್ದಕ್ಕೇ ಎರಡನೇ ಸಲವೂ ಅದೇ ಶೆಡ್ಡು ಸಿಕ್ಕಿದ್ದು.